ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬೆಲೆಯ ಪಕ್ಕ ಇನ್ನೊಂದು ಕಾಲಂ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದ ಸೆಕೆಂಡ್ ಹ್ಯಾಂಡ್ ಬೆಲೆಪಟ್ಟಿಯಲ್ಲಿ ಈಚೆಗೆ ಸ್ಪೋರ್ಟ್ಸ್ ಕಾರುಗಳೂ ಸೇರಿಕೊಂಡಿವೆ. ಅದನ್ನು ಓದಿದ ಹುಡುಗರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ನಮ್ಮ ಅಣ್ಣನ ಮಗನಿಗೂ ಹತ್ತಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಕೂಡಿಟ್ಟ ಇಪ್ಪತ್ತೈದು ಲಕ್ಷ, ಇನ್ನೂ ಮದುವೆಯಿಲ್ಲ. “ಅತ್ತೆ, ಅರವತ್ತು ಲಕ್ಷದ ಆಡಿ ಟಿಟಿ ದಿಲ್ಲಿಯಲ್ಲಿ ಇಪ್ಪತ್ತೆರಡಕ್ಕೆ ಬರ್ತಾ ಇದೆ” ಎಂದು ಫೋನ್ ಮಾಡಿದ. ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡಿ ನೋಡಿ ತಲೆ ನರೆತವಳು ನಾನು. “ಕೊಡುವವನಿಗೆ ಯಾಕೆ ಬೇಡವಾಯ್ತು ಮಾರಾಯ?” ಅಂದೆ.

ದಿಲ್ಲಿಯವರಿಗೆ ಬೇಡವಾಗಲು ಕಾರಣ ಇದ್ದೇ ಇತ್ತು. ಡೀಸೆಲ್ ಗಾಡಿಗೆ ಹತ್ತು, ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಎಂದು ಹಸಿರು ನ್ಯಾಯಮಂಡಳಿ ಹಾಕಿದ ಗಡುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿಯ ಕಾರುಗಳು ದಕ್ಷಿಣದ ದಾರಿ ಹಿಡಿದವು. ಅದು ತಪ್ಪೇನಲ್ಲ. ಆದರೆ ಆ ಇಪ್ಪತ್ತೆರಡು ಲಕ್ಷ ದಿಲ್ಲಿಯ ಬೆಲೆ. ಕಾರು ಓಡಬೇಕಾದದ್ದು ಕರ್ನಾಟಕದಲ್ಲಿ.

ನಮ್ಮಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಮೇಲೆ ಸೆಸ್ಸು. ಹೊರ ರಾಜ್ಯದಿಂದ ತಂದ ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ನೀವು ಎಷ್ಟು ಚೌಕಾಸಿ ಮಾಡಿ ಕೊಂಡಿರಿ ಎಂದು ಆರ್‌ಟಿಒ ಕೇಳುವುದಿಲ್ಲ. ಅರವತ್ತು ಲಕ್ಷಕ್ಕೆ ಹದಿನೆಂಟರಂತೆ ಹತ್ತು ಲಕ್ಷದ ಎಂಬತ್ತು ಸಾವಿರ. ವಯಸ್ಸಿನ ರಿಯಾಯಿತಿ ಕಳೆದ ಮೇಲೂ ಉಳಿಯುವುದು ಲಕ್ಷಗಳ ಲೆಕ್ಕವೇ. ಹುಡುಗ ಉಳಿಸಿಕೊಂಡಿದ್ದ ಮೂರು ಲಕ್ಷ ಅಲ್ಲಿಗೇ ಸಾಲುತ್ತಿರಲಿಲ್ಲ. “ದಿಲ್ಲಿ ನಂಬರಲ್ಲೇ ಓಡಿಸಿದರಾಯ್ತು” ಅಂದ. ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಫಾರಂ 28ರ ಎನ್‌ಒಸಿ, ಅಂದರೆ ಅಲ್ಲಿಯ ಆರ್‌ಟಿಒದ ಆಕ್ಷೇಪಣೆಯಿಲ್ಲ ಎಂಬ ಪತ್ರ ಬೇಕು, ಹಳೆಯ ಮಾಲೀಕ ಸಾಲ ಮಾಡಿದ್ದರೆ ಸಾಲ ತೀರಿದೆ ಎನ್ನುವ ಬ್ಯಾಂಕಿನ ಫಾರಂ 35 ಬೇಕು. ಇವೆರಡೂ ಕೈಗೆ ಬರುವ ಮುಂಚೆ ಪೂರ್ತಿ ಹಣ ಕೊಡಬಾರದು ಎನ್ನುವುದು ನನ್ನ ಹಟ.

ಇನ್ನು ವಿಮೆ. ಮಾರುವವನು “ನೋ ಕ್ಲೇಮ್ ಬೋನಸ್ ಐವತ್ತು ಪರ್ಸೆಂಟ್ ಇದೆ ಸಾರ್” ಎಂದು ಆಸೆ ಹುಟ್ಟಿಸುತ್ತಾನೆ. ಕ್ಲೇಮ್ ಮಾಡದವನಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ಆ ರಿಯಾಯಿತಿ ಅವನದು, ಕಾರಿನ ಜೊತೆ ಬರುವುದಿಲ್ಲ. ಆರ್‌ಸಿ ನಿಮ್ಮ ಹೆಸರಿಗಾಯಿತೆಂದು ಸುಮ್ಮನೆ ಕೂರುವಂತೆಯೂ ಇಲ್ಲ; ಪಾಲಿಸಿಯ ಹೆಸರು ಬದಲಿಸಲು ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಹತ್ತು ವರ್ಷದ ಹತ್ತಿರ ಬಂದ ಕಾರಿಗೆ, ಸವಕಳಿ ಕಳೆಯದೆ ಭಾಗಗಳ ಪೂರ್ತಿ ಬೆಲೆ ಕೊಡುವ ಬಂಪರ್ ಟು ಬಂಪರ್ ಪಾಲಿಸಿ ಸಿಗುವುದು ಕಷ್ಟ. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಮಾಲೀಕನ ತಲೆಗೇ ಬೀಳುತ್ತದೆ. ಈ ಕಾರುಗಳ ಬಂಪರ್ ಪ್ಲಾಸ್ಟಿಕ್ಕಿನದೇ. ನಮ್ಮ ತೀರ್ಥಹಳ್ಳಿ ಕಡೆ ಊರಿಗೊಂದರಂತೆ ಹಾಕಿದ ಹಂಪುಗಳನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ.

ಹುಡುಗ ಜಾಣ, ದುಡ್ಡು ಕೊಟ್ಟು ಹೊರಗಿನ ಮೆಕ್ಯಾನಿಕ್ ಒಬ್ಬರನ್ನು ಗೊತ್ತು ಮಾಡಿಕೊಂಡ. ಅವರಿಂದ ನಾನೂ ಕಲಿತೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದಂತೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ ಟೈರಿನಲ್ಲಿ ವೇಗವಾಗಿ ಹೋಗಬಾರದು ಎಂದರು. ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ಲನ್ನು ಅರವತ್ತು ಸಾವಿರ ಕಿಲೋಮೀಟರಿಗೆ ಬದಲಿಸಿದ ಬಿಲ್ ಇದೆಯೇ ನೋಡಿ ಎಂದರು. ಮೀಟರ್ ತಿರುಗಿಸಿದ್ದರೆ ಹಳೆಯ ಸರ್ವೀಸ್ ಬಿಲ್ಲುಗಳ ಕಿಲೋಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಬೇಕು. ನೀರಿನಲ್ಲಿ ಮುಳುಗಿದ ಗಾಡಿಯಾದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. 2015ರಲ್ಲಿ ಚೆನ್ನೈಯಲ್ಲಿ, 2022ರಲ್ಲಿ ನಮ್ಮ ಬೆಂಗಳೂರಿನ ಯಮಲೂರಿನಲ್ಲೇ ಎಂತೆಂಥ ಕಾರುಗಳು ಮುಳುಗಿದ್ದವು! ಅವೆಲ್ಲ ಗುಜರಿಗೇ ಹೋದವೆಂದು ಯಾರೂ ಬರೆದುಕೊಟ್ಟಿಲ್ಲ.

ನಾನು ಹಾಕಿಕೊಟ್ಟ ಲೆಕ್ಕ ಇಷ್ಟೇ. ಇಪ್ಪತ್ತೈದು ಇದ್ದರೆ ಇಪ್ಪತ್ತರೊಳಗಿನ ಕಾರು ನೋಡು. ಉಳಿದ ಐದು ಟೈರು, ಬ್ರೇಕು, ವಿಮೆ ಮತ್ತು ಮೊದಲ ವರ್ಷ ಬಾಯಿ ತೆರೆಯುವ ರಿಪೇರಿಗೆ. ಸಾಲ ಬೇಡ. ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ, ಮತ್ತು ಕಂತು ಕಟ್ಟುವ ತಿಂಗಳಲ್ಲೇ ಗೇರ್‌ಬಾಕ್ಸ್ ಕೈಕೊಡುವುದು ಲೋಕರೂಢಿ.

ಕೊನೆಗೆ ಅವನು ಕೊಂಡದ್ದು ಕೆಎ ನಂಬರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ಬಂದ ಮಾದರಿ. ಟಿಟಿಯಂತೆ ಅದೂ ಎರಡು ಲೀಟರಿನ ಟರ್ಬೊ ಪೆಟ್ರೋಲ್, ಅದೇ 230 ಕುದುರೆಶಕ್ತಿ, ಎಂಜಿನ್ ಟಿಟಿಯದೇ ಮನೆತನದ್ದು. ಲೈಫ್ ಟ್ಯಾಕ್ಸನ್ನು ಮೊದಲ ಮಾಲೀಕ ಕಟ್ಟಿ ಮುಗಿಸಿದ್ದ. “ಇದು ಸ್ಪೋರ್ಟ್ಸ್ ಕಾರಲ್ಲ ಅತ್ತೆ, ಸೆಡಾನ್” ಎಂದು ಅವನ ಗೆಳೆಯರು ಮೂಗು ಮುರಿದರಂತೆ. ಮುರಿಯಲಿ. ಟಿಟಿಯ ಹಿಂದಿನ ಸೀಟು ಆರ್‌ಸಿಯಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ: ಬೆಲೆಪಟ್ಟಿ ನಿಲ್ಲಿಸಬೇಡಿ, ಹುಡುಗರು ಕನಸು ಕಾಣಲಿ. ಆದರೆ ಪ್ರತಿ ಕಾರಿನ ಪಕ್ಕ ಅದು ಯಾವ ರಾಜ್ಯದ ನೋಂದಣಿ, ಇಲ್ಲಿಗೆ ತಂದರೆ ತೆರಿಗೆ ಅಂದಾಜು ಎಷ್ಟು, ನಾಲ್ಕು ಟೈರಿಗೆ ಎಷ್ಟು, ವರ್ಷದ ವಿಮೆ ಎಷ್ಟು ಎಂದು ಒಂದು ಕಾಲಂ ಸೇರಿಸಿ. ಜಾಹೀರಾತು ಕೊಡುವ ಡೀಲರ್‌ಗಳು ಬೇಸರ ಮಾಡಿಕೊಂಡರೆ ಅವರಿಂದಲೇ ಅಂಕಿ ಕೇಳಿ ಪಡೆಯಿರಿ. ಅವರ ಹತ್ತಿರ ಅದು ಇದ್ದೇ ಇರುತ್ತದೆ.

ಇಂತಿ,
ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ