ರೇಸ್ ನೋಡೋರು ಸಾವು ನೋಡೋಕೆ ಕೂತಿರಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಕಾಲಂನಲ್ಲಿ ಒಬ್ಬರು ಬರೆದಿದ್ರು, ಕಾರ್ ರೇಸ್ ನೋಡೋ ಜನಕ್ಕೆ ಆಕ್ಸಿಡೆಂಟ್ ಆದ್ರೇನೇ ಮಜಾ, ಯಾರಾದ್ರೂ ಸತ್ರೂ ಮಾರನೇ ದಿನ ಏನೂ ಆಗೇ ಇಲ್ಲ ಅನ್ನೋ ಥರ ಚಪ್ಪಾಳೆ ತಟ್ತಾರೆ ಅಂತ. ಅವರ ಮೇಲೆ ನಂಗೇನೂ ಸಿಟ್ಟಿಲ್ಲ, ಹೊರಗಿಂದ ನೋಡೋರಿಗೆ ಹಂಗೇ ಕಾಣುತ್ತೆ. ಚಪ್ಪಾಳೆ ತಟ್ಟಿದ್ದೂ ನಿಜಾನೇ. ಆದ್ರೆ ಯಾವಾಗ ತಟ್ಟಿದ್ರು, ಯಾಕೆ ತಟ್ಟಿದ್ರು ಅಂತ ಗೊತ್ತಿದ್ದಿದ್ರೆ ಅವರು ಹಂಗೆ ಬರೀತಿರ್ಲಿಲ್ವೇನೋ.

2019ರ ಆಗಸ್ಟ್ 31, ಶನಿವಾರ, ಬೆಲ್ಜಿಯಂನ ಸ್ಪಾ. ಎಫ್1 (ಫಾರ್ಮುಲಾ ಒನ್) ಕ್ವಾಲಿಫೈಯಿಂಗ್, ಅಂದ್ರೆ ಮಾರನೇ ದಿನದ ರೇಸಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡ್ಬೇಕು ಅಂತ ತೀರ್ಮಾನಿಸೋ ಓಟ, ಮುಗಿದಿತ್ತು, ಫೆರಾರಿಯ ಲೆಕ್ಲೆರ್ ಪೋಲ್, ಅಂದ್ರೆ ಎಲ್ಲರಿಗಿಂತ ಮುಂದಿನ ಜಾಗ, ತಗೊಂಡಿದ್ದ, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಫೆರಾರಿ ಹುಡುಗ್ರು ಮರ್ಸಿಡಿಸ್‌ನೋರ ಕಾಲು ಎಳೀತಾ ಇದ್ರು, ಆ ಸೀಸನ್‌ನಲ್ಲಿ ಅಲ್ಲೀತನಕ ಫೆರಾರಿ ಒಂದು ರೇಸೂ ಗೆದ್ದಿರ್ಲಿಲ್ಲ ಅನ್ನೋದು ಬೇರೆ ಮಾತು. ಆಮೇಲೆ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ರೇಸ್ ಶುರುವಾಯ್ತು, ಎರಡನೇ ಲ್ಯಾಪಲ್ಲೇ, ಅಂದ್ರೆ ಎರಡನೇ ಸುತ್ತಲ್ಲೇ, ರೆಡ್ ಫ್ಲ್ಯಾಗ್ ತೋರ್ಸಿ ರೇಸ್ ನಿಲ್ಲಿಸಿದ್ರು. ರೇಸ್ ನೋಡಿ ಅಭ್ಯಾಸ ಇರೋರಿಗೆ ಒಂದು ವಿಷ್ಯ ಗೊತ್ತಿರುತ್ತೆ, ಎಂಥಾ ದೊಡ್ಡ ಕ್ರ್ಯಾಶ್ ಆದ್ರೂ ಡ್ರೈವರ್ ಎದ್ದು ಬಂದ್ರೆ ಟೀವಿಯವರು ನಾಲ್ಕು ಕಡೆಯಿಂದ ರಿಪ್ಲೇ ಹಾಕ್ತಾರೆ. ಅವತ್ತು ರಿಪ್ಲೇ ಬರ್ಲಿಲ್ಲ. ಗ್ರೂಪಲ್ಲಿ ಒಬ್ಬ "ರಿಪ್ಲೇ ಹಾಕ್ತಿಲ್ಲ ಯಾಕೋ" ಅಂತ ಬರೆದ, ಅಷ್ಟೇ, ಆಮೇಲೆ ಯಾರೂ ಟೈಪ್ ಮಾಡ್ಲಿಲ್ಲ.

ಆ ಕ್ರ್ಯಾಶಲ್ಲಿ ಸಿಕ್ಕಿಕೊಂಡಿದ್ದು ಆಂಟ್ವಾನ್ ಉಬೇರ್, ಫ್ರಾನ್ಸ್‌ನ ಹುಡುಗ, 22 ವರ್ಷ, ಎಫ್2ಗಿಂತ ಒಂದು ಮೆಟ್ಟಿಲು ಕೆಳಗಿನ ಜಿಪಿ3 ರೇಸಿನ ಹಿಂದಿನ ವರ್ಷದ ಚಾಂಪಿಯನ್. 2017ರ ಜಿಪಿ3ನಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಜೊತೆ ಒಂದೇ ಗ್ರಿಡ್‌ನಲ್ಲಿ ಓಡ್ಸಿದ್ದೋನು, ಹಂಗಾಗಿ ನಮ್ಮಲ್ಲಿ ಕೆಲವರಿಗೆ ಹೆಸರು ಮೊದಲೇ ಪರಿಚಯ. ಸ್ಪಾದಲ್ಲಿ ಓ ರೂಜ್ ಅಂತ ಒಂದು ತಗ್ಗಿದೆ, ಅಲ್ಲಿಂದ ಕಾರುಗಳು ಪೂರ್ತಿ ಸ್ಪೀಡಲ್ಲಿ ರೈಡಿಯೋನ್ ಅನ್ನೋ ದಿಬ್ಬ ಹತ್ತುತ್ವೆ, ನಮ್ಮ ಆಗುಂಬೆ ಘಾಟಿಯ ತಿರುವಲ್ಲಿ ಎದುರಿಂದ ಏನು ಬರ್ತಿದೆ ಅಂತ ಕಾಣಲ್ವಲ್ಲ, ಹಂಗೆ ಆ ದಿಬ್ಬದ ಆಚೆ ಏನಿದೆ ಅಂತ ಡ್ರೈವರ್‌ಗೆ ಕಾಣಲ್ಲ. ಮುಂದೆ ಅಲೆಸಿ ಅನ್ನೋ ಡ್ರೈವರ್‌ನ ಕಾರ್ ಸ್ಪಿನ್ ಆಯ್ತು, ಅದರ ಹಿಂದಿದ್ದೋನು ಸ್ಲೋ ಮಾಡಿದ, ಅವನನ್ನ ತಪ್ಪಿಸೋಕೆ ಹೋಗಿ ಉಬೇರ್ ಬಲಗಡೆ ಬ್ಯಾರಿಯರ್‌ಗೆ ಹೊಡೆದ. ಬ್ಯಾರಿಯರ್ ಅವನ ಕಾರನ್ನ ವಾಪಸ್ ತಳ್ಳಿ ಅಡ್ಡಡ್ಡ ನಿಲ್ಲಿಸ್ತು. ಅಷ್ಟರಲ್ಲಿ ಹಿಂದೆ ಬರ್ತಿದ್ದ ಕೊರೆಯಾ ಅನ್ನೋ ಡ್ರೈವರ್‌ನ ಕಾರ್ ರೋಡಲ್ಲಿ ಬಿದ್ದಿದ್ದ ಚೂರುಗಳ ಮೇಲೆ ಹತ್ತಿ ಕಂಟ್ರೋಲ್ ತಪ್ಪಿ 218 ಕಿ.ಮೀ. ವೇಗದಲ್ಲಿ ಇವನ ಕಾರಿನ ಸೈಡಿಗೆ ನುಗ್ತು. ಉಬೇರ್ ಉಳೀಲಿಲ್ಲ. ಕೊರೆಯಾಗೆ ಎರಡೂ ಕಾಲು ಮುರೀತು, ಆಮೇಲೆ ಕೋಮಾದಲ್ಲೂ ಇಟ್ಟಿದ್ರು, ಆ ಪುಣ್ಯಾತ್ಮ 2021ರಲ್ಲಿ ಮತ್ತೆ ರೇಸ್ ಕಾರ್ ಹತ್ತಿದ.

ಅವತ್ತು ರಾತ್ರಿ ಎಫ್1ನ ಮರ್ಸಿಡಿಸ್ ಡ್ರೈವರ್ ಹ್ಯಾಮಿಲ್ಟನ್ ಇನ್‌ಸ್ಟಾಗ್ರಾಮಲ್ಲಿ ಬರೆದಿದ್ದ, ನಾವು ಮಾಡೋ ಈ ಕೆಲಸ ಸೇಫ್ ಅಂತ ನೋಡೋರು ಅಂದ್ಕೊಂಡಿದ್ರೆ ಅದು ತಪ್ಪು ಅಂತ. ಅದು ನಮಗೇ ಹೇಳಿದ ಮಾತು, ಚುಚ್ಚಿತು.

ಎಫ್2ನ ಭಾನುವಾರದ ರೇಸ್ ರದ್ದು ಮಾಡಿದ್ರು, ಎಫ್1 ನಡೀತು. ನಿಲ್ಲಿಸ್ಬೇಕಿತ್ತು ಅನ್ನೋರಿದ್ದಾರೆ, ನಾನು ಆ ಪೈಕಿ ಅಲ್ಲ. ರೇಸ್‌ಗೆ ಮುಂಚೆ ಡ್ರೈವರ್‌ಗಳೆಲ್ಲ ಗುಂಪಾಗಿ ನಿಂತಿದ್ರು, ಮಧ್ಯದಲ್ಲಿ ಉಬೇರ್‌ನ ಅಮ್ಮ, ಸೋದರ, ಅವನ ಹೆಲ್ಮೆಟ್ಟು. ಆ ಅಮ್ಮ ಬಂದು ನಿಂತಿದ್ದಾರೆ, ಇನ್ನು ನಾವು ಶಿವಮೊಗ್ಗದಲ್ಲಿ ಸೋಫಾ ಮೇಲೆ ಕೂತ್ಕೊಂಡು ಅದು ಸರಿನಾ ತಪ್ಪಾ ಅಂತ ಏನು ತೀರ್ಪು ಕೊಡೋದು? ರೇಸ್ ಶುರುವಾಗಿ ಮೊದಲ ಲ್ಯಾಪಲ್ಲೇ ವರ್ಸ್ಟಾಪನ್ ಕಾರ್ ಡ್ಯಾಮೇಜ್ ಆಗಿ ಅದೇ ಓ ರೂಜ್‌ನಲ್ಲಿ ಗೋಡೆಗೆ ಹೊಡೀತು, ಒಂದು ಕ್ಷಣ ಎದೆ ಧಸಕ್ಕಂತು, ಅವನು ಇಳಿದು ನಡ್ಕೊಂಡು ಬಂದ ಮೇಲೇನೇ ಉಸಿರು ಬಂದಿದ್ದು. ಉಬೇರ್ ಕಾರಿನ ನಂಬರ್ 19. ಹತ್ತೊಂಬತ್ತನೇ ಲ್ಯಾಪ್ ಬಂದಾಗ ಗ್ಯಾಲರಿಯಲ್ಲಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಪತ್ರ ಬರೆದವರು ಹೇಳಿದ ಚಪ್ಪಾಳೆ ಇದೇ ಸರ್.

ಇನ್ನು ರೇಸ್ ಹೆಂಗಿತ್ತು ಅಂದ್ರೆ, ಲೆಕ್ಲೆರ್‌ನ ಫೆರಾರಿ ಜೊತೆಗಾರ ವೆಟ್ಟೆಲ್ ತನ್ನ ಟೈರ್ ಸವೆದು ಹೋಗಿದ್ರೂ ಹ್ಯಾಮಿಲ್ಟನ್‌ನ ತಡೆದು ಹಿಡಿದ, ಕೊನೇ ಲ್ಯಾಪ್‌ಗಳಲ್ಲಿ ಹ್ಯಾಮಿಲ್ಟನ್ ಹತ್ತಿರ ಹತ್ತಿರ ಬಂದೇಬಿಟ್ಟ, ಕೊನೆಗೆ ಲೆಕ್ಲೆರ್ 0.981 ಸೆಕೆಂಡಲ್ಲಿ ಗೆದ್ದ. 21 ವರ್ಷದ ಹುಡುಗನ ಮೊದಲ ಎಫ್1 ಗೆಲುವು. ಕಾರ್ಟಿಂಗ್ ಕಾಲದಿಂದ ಉಬೇರ್ ಜೊತೆ ಬೆಳೆದೋನು, ಕುಣಿಯೋಕೂ ಆಗ್ಲಿಲ್ಲ ಅವನಿಗೆ, ಆಕಾಶದ ಕಡೆ ಬೆರಳು ತೋರಿಸಿ ಗೆಳೆಯನಿಗೆ ಅರ್ಪಿಸಿದ. ಅದನ್ನ ನೋಡಿ ಗ್ರೂಪಲ್ಲಿ ಮರ್ಸಿಡಿಸ್‌ನೋರೂ ಕಂಗ್ರಾಟ್ಸ್ ಹಾಕಿದ್ರು.

ಜನ ಯಾಕೆ ನೋಡ್ತಾರೆ ಅಂತ ಕೇಳೋದ್ರಿಂದ ಏನೂ ಸಿಗಲ್ಲ, ಆ ಬ್ಯಾರಿಯರ್ ಕಾರನ್ನ ಯಾಕೆ ಟ್ರ್ಯಾಕಿಗೆ ವಾಪಸ್ ತಳ್ತು ಅಂತ ಕೇಳ್ಬೇಕು. ಕಾರ್ ರೇಸ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್ಐಎ ತನಿಖೆ ಮಾಡಿ, ಇಂಥದ್ದೇ ಒಂದು ಕಾರಣ ಅಂತ ಇಲ್ಲ, ಒಂದರ ಹಿಂದೆ ಒಂದು ಆಗಿ ಹೀಗಾಯ್ತು ಅಂತ ಹೇಳ್ತು. ಇರಬಹುದು. ಆದ್ರೆ 2021ರಲ್ಲಿ ಅದೇ ಜಾಗದಲ್ಲಿ ಡಬ್ಲ್ಯೂ ಸೀರೀಸ್ ಹುಡುಗೀರ ಕಾರುಗಳು ಒಂದರ ಮೇಲೊಂದು ಹೊಡೆದ್ವು, ಮಾರನೇ ದಿನ ಮಳೇಲಿ ಎಫ್1 ಡ್ರೈವರ್ ನಾರಿಸ್ ಬ್ಯಾರಿಯರ್‌ಗೆ ಹೊಡೆದ, ಟ್ರ್ಯಾಕ್ ಬಿಟ್ಟು ಹೋದ ಕಾರು ನಿಲ್ಲೋಕೆ ಅಂತ ಬಿಡೋ ರನ್ಆಫ್ ಜಾಗ ದೊಡ್ಡದು ಮಾಡಿ ಜಲ್ಲಿ ಹಾಕಿದ್ದು 2022ಕ್ಕೆ. ಅದಾದ ಮೇಲೂ 2023ರ ಜುಲೈ 1ರಂದು, ಆ ದಿಬ್ಬ ದಾಟಿದ ತಕ್ಷಣ ಸಿಗೋ ನೇರ ರಸ್ತೇಲಿ, ಮಳೇಲಿ, 18 ವರ್ಷದ ಡಚ್ ಹುಡುಗ ಡಿಲಾನೋ ಫಾನ್ಟ್ ಹಾಫ್ ಸತ್ತ. ಇವನ ಕಾರೂ ಅಡ್ಡ ನಿಂತಿತ್ತು, ಹಿಂದಿನಿಂದ ಬಂದೋನು ಗುದ್ದಿದ.

ನಮ್ಮ ಪತ್ರಿಕೆಗಳಲ್ಲಿ ಇದ್ಯಾವುದೂ ಬರಲ್ಲ ಸರ್, ಬರೋದು ಫೋಟೋ ಮಾತ್ರ. ವರ್ಷವೆಲ್ಲ ಪಾಯಿಂಟ್ಸ್ ಟೇಬಲ್‌ಗೆ ಎರಡಿಂಚು ಜಾಗ ಸಿಗಲ್ಲ, ಕಾರ್ ಉರಿದ್ರೆ ಮಾತ್ರ ಕಲರ್ ಫೋಟೋ ಮೂರು ಕಾಲಂ. ಹಂಗಿದ್ಮೇಲೆ ಓದೋರು ಇದು ಸಾವಿನ ಆಟ ಅಂದ್ಕೊಳ್ಳದೆ ಇನ್ನೇನು ಅಂದ್ಕೋತಾರೆ?

ಸ್ಪಾ ದೂರ ಆಯ್ತು ಅನ್ನೋದಾದ್ರೆ ಚೆನ್ನೈ ಹತ್ರಾನೇ ಇದೆ. 2023ರ ಆಗಸ್ಟ್ 5, ಅದೂ ಶನಿವಾರಾನೇ, ನ್ಯಾಷನಲ್ ಬೈಕ್ ರೇಸಿಂಗ್ ಚಾಂಪಿಯನ್‌ಶಿಪ್ಪಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಬೆಳಿಗ್ಗೆ ಪೋಲ್ ತಗೊಂಡಿದ್ದ, ರೇಸ್ ಶುರುವಾದ ಮೇಲೆ ಮೊದಲ ತಿರುವು ದಾಟಿ ಬಿದ್ದ, ಉಳೀಲಿಲ್ಲ. ಉಳಿದ ರೇಸ್‌ಗಳನ್ನ ಆರ್ಗನೈಸರ್‌ಗಳು ರದ್ದು ಮಾಡಿದ್ರು, ಸರಿಯಾಗೇ ಮಾಡಿದ್ರು. ಆ ಮಗು ಬಿದ್ದ ವಿಡಿಯೋ ನಂಗೆ ಕಳಿಸಿದೋರಲ್ಲಿ ಒಬ್ಬರೂ ರೇಸ್ ನೋಡೋರಲ್ಲ, ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸೋ ನೆಂಟ್ರು. ರೇಸಿಂಗ್ ಗ್ರೂಪಲ್ಲಿ ಅದನ್ನ ಹಾಕಿದ್ರೆ ಅಡ್ಮಿನ್ ಆಚೆ ಹಾಕ್ತಾನೆ.

ಎರಡು ದಿನ ಸುದ್ದಿ ಆಯ್ತು, ನಿಮ್ಮ ಪತ್ರಿಕೇಲೂ ಬಂತು. ಅಷ್ಟು ಚಿಕ್ಕ ಮಕ್ಕಳಿಗೆ ಎಷ್ಟು ಸಿಸಿ ಬೈಕ್ ಕೊಡ್ಬೇಕು, ಒಂದೇ ಸಲಕ್ಕೆ ಎಷ್ಟು ಜನರನ್ನ ಬಿಡ್ಬೇಕು, ಅವರ ಹೆಲ್ಮೆಟ್ಟು ಸೂಟು ಯಾರು ಚೆಕ್ ಮಾಡ್ತಾರೆ, ಆಮೇಲೆ ಏನೇನು ಬದಲಾಯ್ತು, ಇದನ್ನೆಲ್ಲ ಕೇಳಿ ಬರೆದ ವರದಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿಂದ ಚೆನ್ನೈನ ಆ ರೇಸ್ ಟ್ರ್ಯಾಕ್ ಇರೋ ಇರುಂಗಾಟುಕೋಟೈಗೆ ಐದಾರು ಗಂಟೆ ದಾರಿ, ಮುಂದಿನ ರೌಂಡ್ ಇದ್ದಾಗ ಒಬ್ಬ ವರದಿಗಾರರನ್ನ ಕಳಿಸಿ ಸರ್. ಟೀಮ್‌ಗಳು ಬೀಡು ಬಿಡೋ ಪ್ಯಾಡಾಕ್‌ನಲ್ಲಿ ಕರ್ನಾಟಕದ ಹುಡುಗ್ರು, ಅವರ ಅಪ್ಪ ಅಮ್ಮಂದಿರು ಸಿಕ್ಕೇ ಸಿಗ್ತಾರೆ, ಅವರನ್ನೇ ಕೇಳಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ