ಒಂಬತ್ತನೆಯ ತರಗತಿಯ ಅಂಕಪಟ್ಟಿಗೆ ಎಷ್ಟು ಸಲ ಅಲೆಯಬೇಕು?

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದಬಯಸುವ ಪಿಯು ವಿದ್ಯಾರ್ಥಿಗಳಿಗೆ ಕಾಲೇಜುಗಳಲ್ಲೇ ಎಲ್ಲ ನೆರವು ಸಿಗುತ್ತಿದೆ ಎಂದು ಅಧಿಕಾರಿಗಳು ಹೇಳಿಕೊಂಡಿರುವುದನ್ನು ತಮ್ಮ ಮಂಗಳವಾರದ ಸಂಚಿಕೆಯಲ್ಲಿ ಓದಿ ಮೈ ಉರಿಯಿತು. ಅದೇ ಮಂಗಳವಾರ ನಾನು ಮಗಳ ಕಾಲೇಜಿನ ಕಚೇರಿಯೆದುರು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನಿಂತಿದ್ದೆ.

ಅಮೆರಿಕದ ಹಾರ್ವರ್ಡ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸಲು ಜನವರಿ 1 ಕಡೆಯ ದಿನ. ಅವರು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕೂ ವರ್ಷಗಳ ಅಂಕ ಕೇಳುತ್ತಾರೆ. ನಮ್ಮಲ್ಲಿ ಪ್ರೌಢಶಾಲೆ ಹತ್ತಕ್ಕೇ ಮುಗಿದು ಪಿಯು ಬೇರೆ ಸಂಸ್ಥೆಯಾಗಿರುವುದರಿಂದ ಎರಡು ಕಡೆ ಕೈಮುಗಿಯಬೇಕು. ಪ್ರೌಢಶಾಲೆಗೆ ನಾಲ್ಕು ಸಲ ಹೋದ ಮೇಲೆ ಗುಮಾಸ್ತರು ಗೆದ್ದಲು ಹಿಡಿದ ರಿಜಿಸ್ಟರ್ ತೆಗೆದು ಅಂಕಗಳನ್ನು ಕೈಯಲ್ಲಿ ಬರೆದುಕೊಟ್ಟರು. ಒಣಗಿದ ಸ್ಟ್ಯಾಂಪ್ ಪ್ಯಾಡಿಗೆ ನೀರು ಚಿಮುಕಿಸಿ ಒತ್ತಿದ ಸೀಲಿನಲ್ಲಿ ಶಾಲೆಯ ಹೆಸರು ಅರ್ಧವೇ ಮೂಡಿದೆ. ಅದನ್ನು ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ಗೆ ಏರಿಸಬೇಕಾದವರು ಕಾಲೇಜಿನವರು. ಅದಕ್ಕಾಗಿ ಕಾಲೇಜಿಗೆ ಬರುವ ಇ-ಮೇಲ್ ತೆರೆಯೋಣವೆಂದರೆ, ಪಾಸ್‌ವರ್ಡ್ ಗೊತ್ತಿರುವುದು ವರ್ಗವಾಗಿ ಹೋದ ಉಪನ್ಯಾಸಕರೊಬ್ಬರಿಗೆ ಮಾತ್ರವಂತೆ! ಇನ್ನು ಶಿಫಾರಸು ಪತ್ರ. 'ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ' ಎಂದರು ಪ್ರಾಂಶುಪಾಲರು. ಎರಡು ವರ್ಷ ಪಾಠ ಹೇಳಿದ ಹುಡುಗಿಯ ಬಗ್ಗೆ ನಾಲ್ಕು ಸಾಲು ಬರೆಯಲು ಇವರಿಗೆ ಏನು ಕಷ್ಟ?

ನೂರು ಅರ್ಜಿಗಳಲ್ಲಿ ನಾಲ್ಕೈದನ್ನು ಮಾತ್ರ ಆರಿಸುವ ಕಡೆ ಇಂಥ ಕಾಗದಗಳ ಮೇಲೆಯೇ ನಮ್ಮ ಮಕ್ಕಳನ್ನು ಅಳೆಯುತ್ತಾರೆ. ವಿದೇಶಿ ವಿದ್ಯಾರ್ಥಿಯ ಮನೆಯ ಆದಾಯ ನೋಡದೆ ಆರಿಸಿ, ಅಗತ್ಯವಿರುವ ನೆರವನ್ನೆಲ್ಲ ಕೊಡುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥವು ಬೆರಳೆಣಿಕೆಯಷ್ಟಿವೆ. ನನ್ನಂಥ ಸಂಬಳದಾರನ ಮಗಳಿಗೆ ಅವನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ದುಬಾರಿ ಶಾಲೆಗಳಲ್ಲಾದರೆ ಇದಕ್ಕೆಂದೇ ಕೌನ್ಸೆಲರ್‌ಗಳಿದ್ದಾರೆ.

ಆ ನೆರವಿಗೆ ಬೇಕಾದ ಆದಾಯ ಪ್ರಮಾಣಪತ್ರದ ಕಥೆಯೂ ಇದೇ: ಮೂರು ಸಲ ಹೋದಾಗಲೂ ಸರ್ವರ್ ಇರಲಿಲ್ಲ. ವೀಸಾದ ಅಲೆದಾಟವೂ ಕಡಿಮೆಯಲ್ಲ: ಹಿರಿಯ ಮಗನ ಅಮೆರಿಕದ ವೀಸಾ ಸಂದರ್ಶನಕ್ಕೆ ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಹೋಗಿ ಬಂದವನು ನಾನು. ವರ್ಷಗಟ್ಟಲೆ ಕೇಳಿದ ಮೇಲೆ 2025ರ ಜನವರಿಯಲ್ಲಿ ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತು. ಆದರೆ ಬಾಗಿಲು ತೆರೆದದ್ದು ವೀಸಾ ಸೇವೆ ಇಲ್ಲದೆಯೇ. ಉದ್ಘಾಟನೆಗೆ ಚಪ್ಪಾಳೆ ತಟ್ಟಿದವರು ಆ ಬಗ್ಗೆ ಗಟ್ಟಿಯಾಗಿ ಕೇಳಬೇಕಿತ್ತು.

ಇಲಾಖೆಯವರು ಕಾಲೇಜುಗಳಿಗೆ ಸ್ಪಷ್ಟವಾದ ಸುತ್ತೋಲೆ ಕಳಿಸಲಿ, ಇಲ್ಲವೇ ಇಂಥ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ. ಕಡೆಯ ದಿನಕ್ಕೆ ಇನ್ನು ಒಂದು ವಾರವೂ ಇಲ್ಲ. ಹೇಳಿಕೆ ಕೊಟ್ಟ ಮಹನೀಯರು ನಾಳೆ ಬಂದು ಆ ಪಾಸ್‌ವರ್ಡ್ ಹುಡುಕಿಸಿಕೊಡಲಿ.

ಇತಿ,
ನೊಂದ ಪೋಷಕ