ಆ ಪ್ರಶ್ನೆ ಕೇಳಿದ್ದಕ್ಕೆ

ಮೊನ್ನೆ ಕೈಚೀಲ ತೊಳೆಯೋಣವೆಂದು ಖಾಲಿ ಮಾಡುತ್ತಿದ್ದೆ. ಒಳಜೇಬಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಜೊತೆ ಒಳಬಟ್ಟೆ, ಎರಡು ಪ್ಯಾಡು ಸಿಕ್ಕವು. ಅವು ಅಲ್ಲಿರುವುದೇ ನನಗೆ ಮರೆತುಹೋಗಿತ್ತು. ಒಂಬತ್ತು ವರ್ಷ ಆ ಕವರಿಲ್ಲದೆ ಹೊಸ್ತಿಲು ದಾಟದವಳು ನಾನು. ಮರೆತಿದ್ದೆ ಅನ್ನುವುದು ಹೊಳೆದದ್ದೇ ತಡ, ಅಲ್ಲೇ ಕೂತು ಅತ್ತುಬಿಟ್ಟೆ. ಚಿಕಿತ್ಸೆ ಮುಗಿದು ಈ ತಿಂಗಳಿಗೆ ಒಂದು ವರ್ಷ.

ಹೆರಿಗೆಯಲ್ಲಿ ನನಗೆ ಹರಿದು ಹೊಲಿಗೆ ಹಾಕಿದ್ದರು. ಗಾಯವೇನೋ ಮಾಗಿತು, ಮಲ ತಡೆದುಕೊಳ್ಳುವ ಶಕ್ತಿ ಮಾತ್ರ ಮರಳಲಿಲ್ಲ. ಅವಸರವಾದರೆ ಟಾಯ್ಲೆಟ್ಟಿಗೆ ಓಡುವಷ್ಟೂ ಹೊತ್ತು ಸಿಗುತ್ತಿರಲಿಲ್ಲ. ಒಮ್ಮೆ ಹೇಳಿಕೊಂಡಾಗ "ಮಗು ಆದಮೇಲೆ ಇದೆಲ್ಲ ಇದ್ದದ್ದೇ" ಎಂದರು. ಅಲ್ಲಿಂದ ಮುಂದೆ ಗಂಡನ ಹತ್ತಿರವೂ ಬಾಯಿ ಬಿಡಲಿಲ್ಲ. ಮಗಳ ಶಾಲೆಯ ಕಾರ್ಯಕ್ರಮಗಳಲ್ಲಿ ನನ್ನದು ಯಾವಾಗಲೂ ಬಾಗಿಲ ಪಕ್ಕದ ಕುರ್ಚಿ. ಮುಂದೆ ಬಂದು ಕೂರು ಅಂತ ಅವಳು ಕೈಬೀಸಿ ಕರೆಯುತ್ತಿದ್ದಳು.

ಡಾಕ್ಟ್ರೇ, ನಿಮ್ಮ ಹೆಸರು ಬರೆಯುವುದಿಲ್ಲ, ಓದಿದರೆ ನಿಮಗೇ ಗೊತ್ತಾಗುತ್ತದೆ. ನಾನು ನಿಮ್ಮ ಹತ್ತಿರ ಬಂದದ್ದು ಮೂಲವ್ಯಾಧಿ ಎಂದು ಸುಳ್ಳು ಹೇಳಿಕೊಂಡು. ನೀವು ಪೆನ್ನು ಕೆಳಗಿಟ್ಟು, ಜ್ವರ ಇದೆಯಾ ಎಂದು ಕೇಳುವಷ್ಟೇ ಸಹಜವಾಗಿ, "ಗೊತ್ತಿಲ್ಲದ ಹಾಗೆ ಬಟ್ಟೆಗೆ ಆಗಿಬಿಡುತ್ತದೆಯಾ ಅಮ್ಮ?" ಎಂದಿರಿ. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ನೀವೊಬ್ಬರೇ.

ಮಲದ್ವಾರದೊಳಗೆ ನಳಿಗೆ ಇಟ್ಟು ಮಾಡಿದ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಒಳಗೊಂದು ಕಪ್ಪು ಉಂಗುರ, ಅದರ ಸುತ್ತ ಬೆಳ್ಳನೆಯದು ಇನ್ನೊಂದು. ಮಲದ್ವಾರವನ್ನು ಬಿಗಿಹಿಡಿಯುವ ಎರಡು ಸ್ನಾಯುಗಳು. ಹೊರಗಿನದು ಮುಂಭಾಗದಲ್ಲಿ, ಬಳೆ ಒಡೆದ ಹಾಗೆ, ತುಂಡಾಗಿತ್ತು. ತಪ್ಪು ನನ್ನದಲ್ಲ, ಗಾಯ ಇದೆ, ಅದು ಕಣ್ಣಿಗೆ ಕಾಣುತ್ತದೆ! ಆ ಸಮಾಧಾನವನ್ನು ಹೇಗೆ ಹೇಳಲಿ.

ಈ ಸ್ಕ್ಯಾನಿನ ಹಿಂದಿರುವ ಅಧ್ಯಯನದ ಬಗ್ಗೆಯೂ ನೀವೇ ಹೇಳಿದ್ದು. 1993ರಲ್ಲಿ ಅಬ್ದುಲ್ ಸುಲ್ತಾನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿ ಗರ್ಭಿಣಿಯರನ್ನು ಹೆರಿಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ಹೀಗೆಯೇ ಸ್ಕ್ಯಾನ್ ಮಾಡಿ ನೋಡಿದರು. ಮೊದಲ ಸಲ ಸಹಜವಾಗಿ ಹೆತ್ತ 79 ಮಂದಿಯಲ್ಲಿ 28 ಮಂದಿಯ ಸ್ನಾಯುವಿಗೆ ಪೆಟ್ಟಾಗಿತ್ತು. ಅವರಲ್ಲಿ ಎಷ್ಟೋ ಜನರಿಗೆ ಹೊರಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಆರು ವಾರದ ಹಸುಗೂಸನ್ನು ಬಿಟ್ಟು ಅಥವಾ ಎತ್ತಿಕೊಂಡು ಅಂಥ ಪರೀಕ್ಷೆಗೆ ಬಂದು ಮಲಗಿದ ಆ ತಾಯಂದಿರಿಗೆ ನನ್ನ ನಮಸ್ಕಾರ. ಅವರು ಒಪ್ಪದಿದ್ದರೆ ಹರಿದ ಸ್ನಾಯುವನ್ನು ಹುಡುಕಬೇಕು ಅಂತ ಎಷ್ಟು ಜನರಿಗೆ ತೋಚುತ್ತಿತ್ತೋ.

ಫಿಸಿಯೋಥೆರಪಿ ಮಾಡಿಸಿದ ಸಿಸ್ಟರ್, ನಿಮ್ಮ ತಾಳ್ಮೆಗೆ ಏನು ಕೊಟ್ಟರೂ ಕಡಿಮೆ. ಎಡಮಗ್ಗುಲಿಗೆ ಮಲಗಿಸಿ, ತೆಳ್ಳನೆಯ ನಳಿಗೆ ಒಳಗಿಟ್ಟು, ಎದುರಿಗೆ ಪರದೆ ಇಟ್ಟಿರಿ. ಮಲದ್ವಾರದ ಸ್ನಾಯು ಬಿಗಿಹಿಡಿದರೆ ಪರದೆಯ ಮೇಲಿನ ಗೆರೆ ಏರಬೇಕು. ನಾನು ಹೊಟ್ಟೆ ಬಿಗಿಯುತ್ತಿದ್ದೆ, ಉಸಿರು ಕಟ್ಟುತ್ತಿದ್ದೆ, ಹಲ್ಲು ಕಚ್ಚುತ್ತಿದ್ದೆ, ಗೆರೆ ಅಲ್ಲಾಡುತ್ತಿರಲಿಲ್ಲ. ನನ್ನ ಕೈಯನ್ನು ನನ್ನ ಹೊಟ್ಟೆಯ ಮೇಲೇ ಇರಿಸಿ, "ಇದು ಮೆತ್ತಗೇ ಇರಲಿ, ಉಸಿರಾಡ್ತಾ ಇರಿ" ಎಂದು ಅದೆಷ್ಟು ಸಲ ಹೇಳಿದಿರೋ. ಮೂರನೆಯ ಭೇಟಿಯಲ್ಲಿ ಗೆರೆ ಇಷ್ಟೇ ಇಷ್ಟು ಮೇಲಕ್ಕೆ ಹೋದಾಗ ನನಗಿಂತ ಮೊದಲು ಖುಷಿಯಿಂದ ಕೂಗಿದ್ದು ನೀವು.

ವ್ಯಾಯಾಮದಿಂದ ಒಡಕು ಕೂಡುವುದಿಲ್ಲ, ಉಳಿದ ಸ್ನಾಯು ಬಲವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಗಿದೆ. ವಾಯು ತಡೆಯುವುದು ಈಗಲೂ ಕೆಲವೊಮ್ಮೆ ಕಷ್ಟ. ಆದರೆ ಅವಸರ ಬಂದರೆ ಈಗ ಎದ್ದು ನಡೆದು ಹೋಗುತ್ತೇನೆ, ಓಡುವುದಿಲ್ಲ. ಇದು ಸಾಲದೆ ಹೋದರೆ ಬೆನ್ನಿನ ಕೆಳಭಾಗದ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆ ಇದೆ, ಆಪರೇಷನ್ ಇದೆ ಎಂದೂ ತಿಳಿಸಿದ್ದರು. ಇನ್ನೂ ದಾರಿಗಳಿವೆ ಎಂದು ಗೊತ್ತಿದ್ದದ್ದೇ ದೊಡ್ಡ ಧೈರ್ಯ.

ನನ್ನವರಿಗೆ ಕೊನೆಗೂ ಹೇಳಿದ ರಾತ್ರಿ ಅವರು "ಒಬ್ಬಳೇ ಹೇಗೆ ತಡೆದುಕೊಂಡೆ" ಎಂದಷ್ಟೇ ಕೇಳಿದರು. ಅದಕ್ಕೂ ಋಣಿ.

ಡಾಕ್ಟ್ರೇ, ನಿಮ್ಮ ಅಧ್ಯಯನಕ್ಕೆ ಕೊಟ್ಟ ದಿನಚರಿಯ ಹಾಳೆಗಳನ್ನು ತುಂಬಿಟ್ಟಿದ್ದೇನೆ, ಮುಂದಿನ ವಾರ ವರ್ಷದ ಪರೀಕ್ಷೆಗೆ ಬರುವಾಗ ತರುತ್ತೇನೆ. ಎರಡು ದಿನ ಬಟ್ಟೆಗೆ ಆಗಿತ್ತು. ಅದನ್ನೂ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ.